ಯಾವ ವಾರ್ಡು ಬರೆದುಕೊಟ್ಟೆ, ಮಾಹಿರಾ?

ಚಾಮರಾಜನಗರ
2 ಜೂನ್ 2024

ಅಮ್ಮಿಗೆ, ಮಾಹಿರಾಳ ಸಲಾಂ.

ಇನ್ನು ಮೇಲೆ ಕಾಗದವೇ ಗತಿ. ಫೋನ್ ಮಾಡಿದರೆ ನಿಮ್ಮ ಕಿವಿಗೆ ಏನೂ ಬೀಳುವುದಿಲ್ಲ, ನಾನು ಇಲ್ಲಿ ಕಿರುಚಿಕೊಂಡರೆ ಹಾಸ್ಟೆಲಿನವರೆಲ್ಲ ಇಣುಕುತ್ತಾರೆ. ಅಬ್ಬಾ ಕೈಗೆ ಕೊಟ್ಟರೆ "ಹೂಂ, ಸರಿ, ಊಟ ಮಾಡು" ಅಂತ ಹೇಳಿ ಇಟ್ಟುಬಿಡುತ್ತಾರೆ. ಮನೆಯಲ್ಲಿ ಉರ್ದು ಮಾತಾಡಿದರೂ ಬರೆಯಲು ನಮ್ಮಿಬ್ಬರಿಗೂ ಬರುವುದು ಕನ್ನಡವೇ. ನೀವು ಓದಿದ ಸರ್ಕಾರಿ ಶಾಲೆಯಲ್ಲೇ ನನ್ನನ್ನೂ ಓದಿಸಿದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು.

ಕೆಲಸಕ್ಕೆ ಸೇರಿದೆ. ಬಿಳಿ ಕೋಟು ಸ್ವಲ್ಪ ದೊಡ್ಡದು, ಬಕ್ರೀದಿಗೆ ಬಂದಾಗ ನೀವು ಹಿಡಿದು ಹೊಲಿದುಕೊಡಬೇಕು. ನನ್ನ ರೂಮಿನಲ್ಲಿರುವವಳು ಪವಿತ್ರ, ಕುದೇರಿನ ಹುಡುಗಿ, ಶಿವಪೂಜೆ ಮಾಡದೆ ಕಾಫಿ ಕುಡಿಯುವುದಿಲ್ಲ. ನಾನು ನಮಾಜಿಗೆ ಎದ್ದಾಗಲೇ ಅವಳೂ ಏಳುತ್ತಾಳೆ, ಹಾಗಾಗಿ ಅಲಾರಂ ಒಂದೇ ಸಾಕು.

ಈಗ ಮುಖ್ಯ ವಿಷಯ. ಹೊಸಬರನ್ನು ಇಲ್ಲಿ ಮೊದಲ ಮೂರು ತಿಂಗಳು ತಿಂಗಳಿಗೊಂದು ಕಡೆ ಹಾಕುತ್ತಾರೆ. ಲೇಬರ್ ವಾರ್ಡು, ಡಯಾಲಿಸಿಸ್, ಆಪರೇಷನ್ ಥಿಯೇಟರ್. ಆಮೇಲೆ ಯಾವುದು ಬೇಕು ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಮಹಾಲಕ್ಷ್ಮಮ್ಮ ಅವರಿಗೆ ಬರೆದುಕೊಡಬೇಕು. ಒಮ್ಮೆ ಕೊಟ್ಟರೆ ಮುಗಿಯಿತು. ಅದರಲ್ಲೇ ಟ್ರೈನಿಂಗ್, ಅದರಲ್ಲೇ ಸರ್ಟಿಫಿಕೇಟು, ಮುಂದೆ ಎಲ್ಲಿಗೆ ಹೋದರೂ ಆ ಕೆಲಸದವಳು ಅಂತಲೇ ಕರೆಯುತ್ತಾರೆ. ಪವಿತ್ರ ಆಗಲೇ ಡಯಾಲಿಸಿಸ್ ಎಂದು ತೀರ್ಮಾನಿಸಿದ್ದಾಳೆ. ನನಗೆ ಏನೂ ತೋಚುತ್ತಿಲ್ಲ. ನೀವು ಹೇಳಿ.

ಮಾಹಿರಾ


ಗುಂಡ್ಲುಪೇಟೆ
8 ಜೂನ್ 2024

ಬೇಟಾ ಮಾಹಿರಾ,

ನಿನ್ನ ಕಾಗದವನ್ನು ಅಬ್ಬಾ ಅಂಗಡಿಯಿಂದ ಹಿಡಿದುಕೊಂಡು ಬಂದರು. ಆಟೊ ಸೀಟು ಹೊಲಿಯುವ ದಬ್ಬಣ ಇನ್ನೂ ಕೈಯಲ್ಲೇ ಇತ್ತು. ಓದು ಎಂದು ಎದುರಿಗೆ ಕೂತರು. ನಾನು ಎರಡು ಸಲ ಓದಿದೆ. "ಹೂಂ, ಸರಿ" ಅಂದರು.

ಇದರಲ್ಲಿ ತೋಚದೇ ಇರುವುದಕ್ಕೆ ಏನಿದೆ? ಲೇಬರ್ ವಾರ್ಡು ಬರೆದುಕೊಡು.

ನಮ್ಮ ಮೊಹಲ್ಲಾದಲ್ಲಿ ಯಾವ ಹೆಂಗಸು ತೀರಿಹೋದರೂ ಕೊನೆಯ ಸ್ನಾನಕ್ಕೆ ಕರೆಯುವುದು ನನ್ನನ್ನೇ ಅಂತ ನಿನಗೆ ಗೊತ್ತು. ನಿನ್ನ ನಾನಿ ಮಾಡುತ್ತಿದ್ದರು, ಅವರ ನಂತರ ನನ್ನ ಪಾಲಿಗೆ ಬಂತು. ಪುಣ್ಯದ ಕೆಲಸ, ಬೇಡ ಅಂದಿಲ್ಲ, ಅನ್ನುವುದೂ ಇಲ್ಲ. ಆದರೆ ಈಗ ನನ್ನ ಮಂಡಿ ನೋಡಿ ಹೆಂಗಸರು ಒಂದು ಹೊಸ ರಾಗ ತೆಗೆದಿದ್ದಾರೆ. ಮಾಹಿರಾ ಹೇಗೂ ನರ್ಸು, ಹೆಣ ಕಂಡರೆ ಅವಳಿಗೇನು ಭಯ, ಮುಂದೆ ಅವಳೇ ನೋಡಿಕೊಳ್ಳಲಿ ಅಂತ. ನನ್ನ ಮಗಳು ಹುಟ್ಟಿಸುವುದಕ್ಕೆ ಓದಿದ್ದಾಳೆ, ತೊಳೆಯುವುದಕ್ಕಲ್ಲ ಎಂದು ಬಾಯಿ ಮುಚ್ಚಿಸಿ ಬಂದೆ.

ಹೋಗುವವರನ್ನು ನನ್ನ ಕೈ ಮುಟ್ಟಿದ್ದು ಸಾಕು. ಬರುವವರನ್ನು ನಿನ್ನ ಕೈ ಮುಟ್ಟಲಿ. ಐದು ಹೊತ್ತಿನ ನಮಾಜಿನಲ್ಲೂ ಇದೊಂದನ್ನೇ ಕೇಳುತ್ತಿದ್ದೇನೆ. ನನಗೆ ಬೇರೆ ಆಸೆ ಇಲ್ಲ ಅಂತಲ್ಲ, ಇದು ಎಲ್ಲಕ್ಕಿಂತ ಮೊದಲನೆಯದು.

ಬಕ್ರೀದಿಗೆ ಬಾ. ಕೋಟು ತಾ.

ನಿನ್ನ ಅಮ್ಮಿ, ಜಾಹಿದಾ


ಚಾಮರಾಜನಗರ
23 ಜೂನ್ 2024

ಅಮ್ಮಿ,

ಹಬ್ಬದಿಂದ ವಾಪಸ್ ಬಂದ ಮಾರನೇ ದಿನವೇ ನನ್ನ ಕೈಗೆ ಮೊದಲ ಮಗು ಬಂತು. ಹುಡುಗ. ಬಂದವನೇ ನೀವು ಹಿಡಿದುಕೊಟ್ಟ ಕೋಟಿನ ಮೇಲೆ ಉಚ್ಚೆ ಹೊಯ್ದ. ಇಲ್ಲಿ ಆಯಾ ಕೆಲಸ ಮಾಡುವ ದೊಡ್ಡಮಾದಮ್ಮ ಬಿದ್ದು ಬಿದ್ದು ನಕ್ಕರು. "ನಿಂಗೆ ಇದೇ ವಾರ್ಡು ಕಣಮ್ಮಿ, ಮುದ್ರೆ ಒತ್ಬುಟ್ಟ ನೋಡು" ಅಂದರು.

ನಿಮ್ಮ ಮಾತೇ ಸರಿ. ಡಾಕ್ಟರಮ್ಮ ಕೂಡ ನನ್ನ ಕೈ ಚೆನ್ನಾಗಿದೆ ಎಂದರು. ನರ ಸಿಗದ ಬಸುರಿಯರಿಗೂ ಗ್ಲೂಕೋಸ್ ಹಾಕಲು ಒಂದೇ ಸಲಕ್ಕೆ ಸೂಜಿ ಕೂರಿಸುತ್ತೇನೆ. ಹೆಂಗಸರು ನೋವಿನಲ್ಲಿ ನನ್ನ ತೋಳು ಹಿಡಿದು ಗೀರಿದ್ದು ಇನ್ನೂ ಉರಿಯುತ್ತಿದೆ, ಅದೂ ಒಂಥರಾ ಖುಷಿಯೇ. ಜುಲೈಯಲ್ಲಿ ನನ್ನನ್ನು ಡಯಾಲಿಸಿಸ್‌ಗೆ ಹಾಕುತ್ತಾರೆ, ಆಮೇಲೆ ಥಿಯೇಟರ್. ಅದೆಲ್ಲ ಲೆಕ್ಕಕ್ಕೆ ಮಾತ್ರ. ಆಗಸ್ಟಿನಲ್ಲಿ ನಾನು ಬರೆದುಕೊಡುವುದು ಲೇಬರ್ ವಾರ್ಡು.

ಮೊಹಲ್ಲಾದ ಹೆಂಗಸರಿಗೆ ಹೇಳಿಬಿಡಿ.

ಮಾಹಿರಾ


ಗುಂಡ್ಲುಪೇಟೆ
14 ಜುಲೈ 2024

ಬೇಟಾ,

ಮನಸ್ಸು ಸರಿಯಿಲ್ಲ. ಹಣ್ಣಿನ ವ್ಯಾಪಾರದ ತೌಸಿಫ್ ಇದ್ದಾನಲ್ಲ, ಅವನ ಹೆಂಡತಿ ಸಲ್ಮಾ ಗುರುವಾರ ತೀರಿಹೋದಳು. ಹಿಂದಿನ ಬೀದಿಯವಳು, ಚಿಕ್ಕವಳಿದ್ದಾಗ ನಿನ್ನನ್ನು ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದವಳು. ಹೆರಿಗೆಗೆ ನೀನಿರುವ ಊರಿಗೇ ಬಂದಿದ್ದಳಂತೆ. ಯಾವ ಆಸ್ಪತ್ರೆಯೋ, ಆ ಗೋಳಿನಲ್ಲಿ ನಾನು ಕೇಳಲಿಲ್ಲ, ಕೇಳಿದರೂ ನನಗೆ ಕೇಳಿಸುತ್ತಿರಲಿಲ್ಲ. ಮಗು ಉಳಿಯಿತು, ಹೆಣ್ಣು. ತಾಯಿಗೆ ರಕ್ತ ನಿಲ್ಲಲಿಲ್ಲ. ಮೈಸೂರಿಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತು.

ಸ್ನಾನ ಮಾಡಿಸಿದವರು ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ನಿನ್ನ ನಾನಿ ಕಲಿಸಿದ ಮೊದಲ ಪಾಠ ಅದು. ಮೈಮೇಲೆ ಗಾಯ ಇರಲಿ, ಬರೆ ಇರಲಿ, ಏನೇ ಇರಲಿ, ಅದು ಆ ಮಯ್ಯತ್ತಿಗೂ ಅಲ್ಲಾಹನಿಗೂ ಬಿಟ್ಟಿದ್ದು. ಇಷ್ಟು ವರ್ಷದಲ್ಲಿ ಅಬ್ಬಾ ಹತ್ತಿರವೂ ಒಂದು ಮಾತು ಆಡಿಲ್ಲ. ಇವತ್ತು ತಡೆಯಲಾಗದೆ ನಿನಗೆ ಹೇಳುತ್ತಿದ್ದೇನೆ, ನೀನು ಅದೇ ಕೆಲಸದವಳು ಅಂತ.

ಎಡಗೈಯಲ್ಲಿ ಗ್ಲೂಕೋಸ್ ಸೂಜಿ ಹಾಗೇ ಇತ್ತು. ಮೇಲೆ ಬಿಳಿ ಪಟ್ಟಿ ಬಿಗಿಯಾಗಿ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ನೆನೆಸಿ ನೆನೆಸಿ ಬಿಡಿಸಿದೆ. ಮಣಿಕಟ್ಟು ಸೆಟೆದುಹೋಗಿತ್ತು. ಸೂಜಿ ಕಿತ್ತ ಕೂಡಲೇ ಅಲ್ಲಿಂದ ರಕ್ತ ಜಿನುಗಿತು. ಅದು ನಿಂತ ಮೇಲೆ ಮತ್ತೆ ಮೊದಲಿಂದ ನೀರು ಹಾಕಬೇಕಾಯಿತು. ಅಷ್ಟು ಹೊತ್ತೂ ಅವಳ ತಾಯಿ ಬಾಗಿಲ ಆಚೆ ನಿಂತಿದ್ದರು.

ಚುಚ್ಚಲು ಬಂದವಳಿಗೆ ತೆಗೆಯಲು ಬರುವುದಿಲ್ಲವಾ? ಯಾರ ಮನೆಯ ಮಗಳೋ, ಅವಳ ಕೈ ಸೇದಿಹೋಗಲಿ. ಬರೆಯಬಾರದು, ಆದರೆ ಬರೆದೆ. ನೀನು ಹಾಗೆ ಬಿಟ್ಟು ಬರುವವಳಲ್ಲ, ನನಗೆ ಗೊತ್ತು. ನಿನ್ನಂಥವರು ಲೇಬರ್ ವಾರ್ಡಿನಲ್ಲಿ ಇರಬೇಕು ಅಂತ ನಾನು ಹೇಳುವುದು ಇದಕ್ಕೇ.

ಮೊಹರ್ರಂಗೆ ರಜೆ ಸಿಕ್ಕರೆ ಬಾ.

ಅಮ್ಮಿ


ಗುಂಡ್ಲುಪೇಟೆ
27 ಜುಲೈ 2024

ಮಾಹಿರಾ,

ಮೊಹರ್ರಂಗೆ ಬರಲಿಲ್ಲ, ಕಾಗದಕ್ಕೆ ಉತ್ತರ ಇಲ್ಲ. ಅಬ್ಬಾ ಫೋನ್ ಮಾಡಿದರೆ ಡ್ಯೂಟಿ ಅಂದೆಯಂತೆ. ಅವರು "ಸರಿ" ಅಂದರಂತೆ. ಇಬ್ಬರೂ ಸೇರಿ ನನ್ನನ್ನು ಹುಚ್ಚು ಹಿಡಿಸುತ್ತೀರಿ.

ಸಲ್ಮಾಳ ಮಗುವನ್ನು ಅಜ್ಜಿಯ ಮನೆಗೆ ತಂದಿದ್ದಾರೆ. ನನಗೆ ಅಳು ಕೇಳಿಸುವುದಿಲ್ಲ, ಆದರೆ ಅಬ್ಬಾ ಊಟ ಮಾಡುತ್ತಾ ತಟ್ಟನೆ ಕೈ ನಿಲ್ಲಿಸಿದರೆ ಮಗು ಅಳುತ್ತಿದೆ ಅಂತ ಗೊತ್ತಾಗುತ್ತದೆ.

ಮೈ ಹುಷಾರಿದೆಯಾ? ಅದನ್ನಾದರೂ ಬರಿ.

ಅಮ್ಮಿ


ಚಾಮರಾಜನಗರ
30 ಜುಲೈ 2024

ಅಮ್ಮಿ,

ಹುಷಾರಾಗಿದ್ದೇನೆ. ಕೆಲಸ ಜಾಸ್ತಿ ಇತ್ತು.

ಡಯಾಲಿಸಿಸ್ ಬರೆದುಕೊಡೋಣ ಅಂದುಕೊಂಡಿದ್ದೇನೆ. ಅಲ್ಲಿ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಬರುವವರು ವಾರಕ್ಕೆ ಎರಡು ಸಲ ಬರುತ್ತಾರೆ, ನಾಲ್ಕು ಗಂಟೆ ಮಲಗುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ಪವಿತ್ರಳೂ ಇರುತ್ತಾಳೆ.

ನೀವು ಬೇಜಾರು ಮಾಡಿಕೊಳ್ಳಬೇಡಿ.

ಮಾಹಿರಾ


ಗುಂಡ್ಲುಪೇಟೆ
6 ಆಗಸ್ಟ್ 2024

ಮಾಹಿರಾ,

ಬೇಜಾರಲ್ಲ, ಸಿಟ್ಟು ಬಂದಿದೆ.

ಪವಿತ್ರ ಹೋದಳು ಅಂತ ನೀನೂ ಅವಳ ಹಿಂದೆ ಹೋಗುತ್ತೀಯಾ? ಅವಳು ಒಳ್ಳೆಯ ಹುಡುಗಿಯೇ ಇರಬಹುದು, ಆದರೆ ಅವಳ ಮನೆಯಲ್ಲಿ ಜಮೀನಿದೆ, ಬೇಕಾದ್ದು ಮಾಡುತ್ತಾಳೆ. ಮೂರು ವರ್ಷ ನರ್ಸಿಂಗ್ ಓದಿ ಮಿಷನ್ನಿನ ಪಕ್ಕ ಕೂತು ಗಡಿಯಾರ ನೋಡುವುದಕ್ಕೆ ನಿನ್ನನ್ನು ಕಳಿಸಿದೆನಾ? ಜೂನಿನಲ್ಲಿ ಮುದ್ರೆ ಒತ್ತಿದ ಅಂತ ಕುಣಿದವಳು ನೀನೇ ತಾನೆ?

ಅಥವಾ ನಾನು ಸಲ್ಮಾಳ ವಿಷಯ ಬರೆದಿದ್ದಕ್ಕೆ ಹೆದರಿಕೊಂಡೆಯಾ? ಒಬ್ಬಳು ಬೇಜವಾಬ್ದಾರಿ ಹುಡುಗಿ ಮಾಡಿದ್ದಕ್ಕೆ ನೀನು ಯಾಕೆ ಓಡಿಹೋಗಬೇಕು? ನಾನು ನಮಾಜಿನಲ್ಲಿ ಕೇಳುವುದನ್ನು ನಿಲ್ಲಿಸುವುದಿಲ್ಲ. ನೀನು ಯಾವ ಕಾಗದ ಬೇಕಾದರೂ ಕೊಡು, ಅಲ್ಲಾಹ್ ನಿನ್ನನ್ನು ಲೇಬರ್ ವಾರ್ಡಿಗೇ ಹಾಕಲಿ ಅಂತ ಹಟ ಹಿಡಿದು ಕೇಳುತ್ತೇನೆ.

ಅಮ್ಮಿ


ಚಾಮರಾಜನಗರ
18 ಆಗಸ್ಟ್ 2024

ಅಮ್ಮಿ,

ಡಯಾಲಿಸಿಸ್ ಎಂದು ನಿನ್ನೆ ಬರೆದುಕೊಟ್ಟೆ. ನೀವು ಕೇಳುವುದನ್ನು ದಯವಿಟ್ಟು ನಿಲ್ಲಿಸಿ.

ಮಾಹಿರಾ


ಗುಂಡ್ಲುಪೇಟೆ
24 ಆಗಸ್ಟ್ 2024

ನನ್ನ ಬೇಟಾ,

 ಬರೆದು ಬರೆದು ಎರಡು ಹಾಳೆ ಹರಿದೆ.

ಮಂಗಳವಾರ ಸಲ್ಮಾಳ ನಲವತ್ತನೇ ದಿನದ ಫಾತಿಹಾ ಇತ್ತು. ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಕೂತಿದ್ದೆವು. ಅವಳ ತಾಯಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, ನನ್ನ ಕಿವಿಗೆ ಬಾಯಿಟ್ಟು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದರು. ಆಗಲೂ ಕೇಳಿಸಲಿಲ್ಲ. ಮೂರನೇ ಸಲ ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದರು.

"ಕೊನೇ ಉಸಿರಿನಲ್ಲಿ ನನ್ನ ಮಗಳ ಕಿವಿಯಲ್ಲಿ ಕಲಿಮಾ ಹೇಳಿದ್ದು ನಿಮ್ಮ ಮಾಹಿರಾ."

ಆ ದಿನ ಆಂಬುಲೆನ್ಸ್ ಗಾಡಿಯಲ್ಲಿದ್ದ ನರ್ಸು ಮುಖಕ್ಕೆ ಮಾಸ್ಕ್ ಹಾಕಿದ್ದಳಂತೆ, ಆ ತಾಯಿಗೆ ಯಾರನ್ನೂ ನೋಡುವ ಸ್ಥಿತಿ ಇರಲಿಲ್ಲವಂತೆ. ಕಲಿಮಾ ಮಾತ್ರ ಕಿವಿಗೆ ಬಿದ್ದಿತ್ತಂತೆ. ಹೋದ ವಾರ ತೌಸಿಫ್ ಮಗುವಿನ ಜನನ ಪತ್ರಕ್ಕೆ ಆಸ್ಪತ್ರೆಗೆ ಹೋದಾಗ ವಿಚಾರಿಸಿದ್ದಾನೆ. ನಿನ್ನ ದೊಡ್ಡಮಾದಮ್ಮ ಹೇಳಿದ್ದಾರೆ, "ನಿಮ್ಮೂರೋಳೇ ಕಣಪ್ಪ, ಆಟೊ ಸೀಟು ಹೊಲ್ಯೋ ಮಹಬೂಬ್ ಸಾಬ್ರ ಮಗಳು. ಆವತ್ತಿಂದ ಆ ಹುಡ್ಗಿ ಸರ್ಯಾಗಿ ಉಂಡಿಲ್ಲ" ಅಂತ.

ಕೂತವರೆಲ್ಲ ಕೈಯೆತ್ತಿ ನಿನಗೆ ದುವಾ ಕೊಟ್ಟರು. ನಾನು ಶಾಪ ಕೊಟ್ಟವಳು. ಅವರ ನಡುವೆ ಕೂತು ನಾನೂ ಆಮೀನ್ ಅಂದೆ.

ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟೆ ಮಾಹಿರಾ. ಆಡಬಾರದ್ದನ್ನು ಆಡಿದೆ, ಅದು ಹೋಗಿ ನಿನ್ನ ಮೇಲೆ ಬಿತ್ತು. ಆ ಕಾಗದವನ್ನು ನೀನು ಒಬ್ಬಳೇ ಕೂತು ಓದಿರುತ್ತೀಯ. ಓದಿ, ಆಮೇಲೆ ಡ್ಯೂಟಿಗೆ ಹೋಗಿರುತ್ತೀಯ. 

ಡಯಾಲಿಸಿಸ್ ಕೊಟ್ಟದ್ದು ಒಳ್ಳೆಯದಾಯಿತು. ಅಲ್ಲೇ ಇರು. ನಾನು ಕೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ.

ಏನಾಯಿತು ಅಂತ ನಾನು ಕೇಳುವುದಿಲ್ಲ.

ಅಮ್ಮಿ


ಚಾಮರಾಜನಗರ
1 ಸೆಪ್ಟೆಂಬರ್ 2024

ಅಮ್ಮಿ,

ನೀವು ಕೇಳದಿದ್ದರೂ ಹೇಳುತ್ತೇನೆ. ಇನ್ನು ಒಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ.

ಜುಲೈಯಲ್ಲಿ ನನ್ನನ್ನು ಡಯಾಲಿಸಿಸ್‌ಗೆ ಹಾಕಲೇ ಇಲ್ಲ. ಜನ ಇಲ್ಲ ಎಂದು ಲೇಬರ್ ವಾರ್ಡಿನಲ್ಲೇ ಉಳಿಸಿಕೊಂಡರು. ಸಲ್ಮಾ ಆಪಾ ಬಂದವಳೇ ಮಾಸ್ಕಿನ ಮೇಲೆ ಬರೀ ಕಣ್ಣು ನೋಡಿ ನನ್ನ ಗುರುತು ಹಿಡಿದಳು. "ಜಾಹಿದಾ ಖಾಲಾ ಮಗಳಲ್ಲವಾ? ನೀನಿದ್ದೀಯಲ್ಲ, ಇನ್ನು ನನಗೆ ಭಯ ಇಲ್ಲ" ಅಂದಳು. ಎಡಗೈ ಚಾಚಿದಳು. ಒಂದೇ ಸಲಕ್ಕೆ ಸೂಜಿ ಕೂರಿಸಿದೆ. ನೋವೇ ಆಗಲಿಲ್ಲ ಕಣೇ ಎಂದು ನಕ್ಕಳು.

ಮಗು ಬಂದಮೇಲೆ ಎಲ್ಲರೂ ಮಗುವಿನ ಕಡೆ ತಿರುಗಿದೆವು. ನಾನೂ ತಿರುಗಿದೆ. ಉಸಿರಾಡಲು ತಡ ಮಾಡುತ್ತಿತ್ತು, ಬೆನ್ನು ಉಜ್ಜಿ ಉಜ್ಜಿ ಅಳಿಸಿದೆವು. ಅತ್ತಿತು ಅಂತ ಖುಷಿಯಲ್ಲಿ ಇತ್ತ ತಿರುಗುವಷ್ಟರಲ್ಲಿ ಅವಳ ಕೆಳಗಿನ ಬಟ್ಟೆ ತೊಯ್ದುಹೋಗಿತ್ತು. ಡಾಕ್ಟರಮ್ಮ ಮಾಡಬೇಕಾದ್ದೆಲ್ಲ ಮಾಡಿದರು. ಹೊಟ್ಟೆ ಒತ್ತಿ ಹಿಡಿದೆ, ಔಷಧ ಕೊಟ್ಟೆ. ಅವಳ ಗುಂಪಿನ ರಕ್ತ ಒಂದೇ ಚೀಲ ಇತ್ತು. ಬೇಗ ನೋಡಿದ್ದರೆ ಉಳಿಯುತ್ತಿದ್ದಳಾ ಎಂದು ಡಾಕ್ಟರಮ್ಮನನ್ನು ಕೇಳಿದೆ. ಗೊತ್ತಿಲ್ಲ ಅಂದರು. ಇಲ್ಲ ಅಂದಿದ್ದರೆ ಚೆನ್ನಾಗಿತ್ತು.

ಗಾಡಿಯಲ್ಲಿ ಮೈಸೂರಿಗೆ ಒಯ್ಯುವಾಗ, ನಂಜನಗೂಡು ಇನ್ನೂ ಸ್ವಲ್ಪ ದೂರ ಇರುವಾಗಲೇ ಅವಳು ತಣ್ಣಗಾಗುತ್ತಿದ್ದಳು. ನನಗೆ ಬೇರೆ ಏನೂ ಮಾಡಲು ಉಳಿದಿರಲಿಲ್ಲ, ಕಲಿಮಾ ಹೇಳಿದೆ. ನಂಜನಗೂಡಿನಲ್ಲಿ ಡಾಕ್ಟರು ಗಾಡಿಗೇ ಹತ್ತಿ ನೋಡಿ ತಲೆ ಆಡಿಸಿದರು. ಮನೆಯವರು ಅಲ್ಲಿಂದಲೇ ಗುಂಡ್ಲುಪೇಟೆಗೆ ಹೊರಡೋಣ ಎಂದರು.

ಸೂಜಿ ತೆಗೆಯಬೇಕು ಅಂತ ನನಗೆ ಗೊತ್ತಿತ್ತು ಅಮ್ಮಿ. ಆದರೆ ಆ ಕೈಯನ್ನೇ ಅವಳ ತಾಯಿ ಹಿಡಿದುಕೊಂಡಿದ್ದರು. ಎರಡೂ ಕೈಯಿಂದ ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡಿದ್ದರು. ಅದನ್ನು ಬಿಡಿಸಲು ಹೋಗಲಿಲ್ಲ. ನಾನು ಇಳಿದುಬಿಟ್ಟೆ. ಆ ಗಾಡಿಯಲ್ಲಿ ನಮ್ಮ ಮೊಹಲ್ಲಾಕ್ಕೆ ಬಂದಿದ್ದರೆ ಅವಳಿಗೆ ಸ್ನಾನ ಮಾಡಿಸಲು ನೀವೇ ಬರುತ್ತಿದ್ದಿರಿ. ನಿಮ್ಮ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಬಸ್ಸು ಹತ್ತಿ ವಾಪಸ್ ಬಂದೆ.

ನೀವು ಶಾಪ ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರಾದರೂ ಹಾಕಲಿ ಅಂತ ಕಾದಿದ್ದೆ.

ಇನ್ನೊಂದು ವಿಷಯ. ನಿನ್ನೆ ಮಹಾಲಕ್ಷ್ಮಮ್ಮ ಕರೆಸಿದ್ದರು. ಲೇಬರ್ ವಾರ್ಡಿನ ಇಬ್ಬರು ಸೀನಿಯರ್‌ಗಳು ಒಟ್ಟಿಗೆ ಕೆಲಸ ಬಿಟ್ಟಿದ್ದಾರೆ. ನಾನು ಬರೆದುಕೊಟ್ಟದ್ದನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟರು. "ಡಯಾಲಿಸಿಸ್‌ಗೆ ಪವಿತ್ರ ಸಾಕಮ್ಮ. ಹೆರಿಗೆ ಕಡೆ ಜನ ಇಲ್ಲ. ನಿನ್ನ ಕೈ ಪಳಗಿದೆ, ಅಲ್ಲಿಗೇ ಹೋಗು" ಎಂದರು. ಬೇಡ ಮೇಡಂ ಅಂದೆ. ಯಾಕೆ ಅಂದರು.  ನಾಳೆಯಿಂದ ಅಲ್ಲೇ.

ಮಾಹಿರಾ


ಗುಂಡ್ಲುಪೇಟೆ
6 ಸೆಪ್ಟೆಂಬರ್ 2024

ಬೇಟಾ,

ನಾನು ಹಟ ಹಿಡಿದು ಕೇಳಿದೆ, ಅವನು ಕೊಟ್ಟುಬಿಟ್ಟ. ಕೊಟ್ಟ ಮೇಲೆ ಬೇಡ ಅನ್ನುವುದು ಹೇಗೆ ಅಂತ ಮೌಲ್ವಿ ಸಾಹೇಬರನ್ನು ಕೇಳಬೇಕೆಂದು ಮಸೀದಿಯ ತನಕ ಹೋದೆ. ಹೊರಗೆ ನಿಂತು ಹಾಗೇ ವಾಪಸ್ ಬಂದೆ. ದುವಾ ಇಷ್ಟು ಬೇಗ ಮುಟ್ಟುತ್ತದೆ ಅಂದರೆ ಶಾಪವೂ ಮುಟ್ಟುತ್ತದೆಯೇನೋ ಅಂತ ಭಯವಾಗುತ್ತಿದೆ. ಅಬ್ಬಾಗೆ ಎಲ್ಲ ಹೇಳಿದೆ. ಮೊದಲ ಸಲ "ಸರಿ" ಅನ್ನಲಿಲ್ಲ. ಎದ್ದು ಹೋಗಿ ಆಸ್ಪತ್ರೆಯವರ ಜೊತೆ ಮಾತಾಡುತ್ತೇನೆ ಎಂದು ಚಪ್ಪಲಿ ಹಾಕಿಕೊಂಡರು, ಏನು ಮಾತಾಡುವುದು ಎಂದು ತೋಚದೆ ಮೆಟ್ಟಿಲ ಮೇಲೇ ಕೂತುಬಿಟ್ಟರು.

 ಸತ್ತವರ ಮುಂದೆ ಏನು ಮಾಡಬೇಕು ಅಂತ ನನಗೆ ಗೊತ್ತು. ನಿನ್ನ ಕೆಲಸ ನನಗೆ ಗೊತ್ತಿಲ್ಲ.

ಒಂದು ಶುಕ್ರವಾರ ಬಾ. ನಿನ್ನನ್ನು ನೋಡಬೇಕು.

ಅಮ್ಮಿ


ಚಾಮರಾಜನಗರ
20 ಸೆಪ್ಟೆಂಬರ್ 2024

ಅಮ್ಮಿ,

ಇವತ್ತು ಶುಕ್ರವಾರ. ಬರುವುದಕ್ಕೆ ಅಂತ ಬ್ಯಾಗು ತುಂಬಿಸಿಕೊಂಡೇ ಡ್ಯೂಟಿಗೆ ಬಂದಿದ್ದೆ.

ಬೆಳಿಗ್ಗೆ ಪುಣಜನೂರಿನ ಕಡೆಯಿಂದ ಒಬ್ಬಳನ್ನು ಕರೆತಂದರು. ಚಿಕ್ಕ ವಯಸ್ಸು, ಚೊಚ್ಚಲು. ಮಧ್ಯಾಹ್ನ ಹೆರಿಗೆಯಾಯಿತು, ಹೆಣ್ಣು. ಹೊರಗೆ ಅವಳ ಗಂಡ ಮಿಠಾಯಿ ಹಂಚುತ್ತಿದ್ದಾನೆ. ಒಳಗೆ ಎಲ್ಲರೂ ಮಗುವನ್ನು ನೋಡುತ್ತಿದ್ದರು. ಮೂಗು ಯಾರದು, ಬಣ್ಣ ಯಾರದು ಅಂತ ದೊಡ್ಡಮಾದಮ್ಮ ಜಗಳ ಹಚ್ಚಿದ್ದರು. ನನ್ನನ್ನೂ ಕರೆದರು. ನಾನು ತಿರುಗಲಿಲ್ಲ. ಮಗು ಹೇಗಿದೆ ಅಂತ ಈಗ ನೀವು ಕೇಳಿದರೆ ನನಗೆ ಗೊತ್ತಿಲ್ಲ.

ನಾಲ್ಕು ಗಂಟೆಗೆ ನನ್ನ ಡ್ಯೂಟಿ ಮುಗಿಯಿತು. ಮುಂದಿನ ಪಾಳಿಯ ಹುಡುಗಿ ಬಂದಿದ್ದಾಳೆ, ಒಳ್ಳೆಯವಳು, ಕೆಲಸ ಗೊತ್ತಿದೆ. ಆದರೂ ಬ್ಯಾಗು ಎತ್ತಿಕೊಳ್ಳಲು ಆಗಲಿಲ್ಲ. ಐದರ ಬಸ್ಸು ಹೋಗಿರಬೇಕು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡು ಸಾಲು ಬರೆಯುವುದು, ಎದ್ದು ಅವಳ ಕೆಳಗಿನ ಬಟ್ಟೆ ನೋಡುವುದು, ನಾಡಿ ಹಿಡಿಯುವುದು, ಮತ್ತೆ ಎರಡು ಸಾಲು.

"ಮನ್ಗೆ ಓಗಲ್ವಾ ಅಕ್ಕ?" ಅಂತ ಈಗ ತಾನೆ ಕೇಳಿದಳು.

ಹೋಗುತ್ತೇನೆ, ನೀನು ಮಲಗು ಎಂದೆ. ಮಲಗಿದಳು. ಮಲಗಿದರೆ ಇನ್ನೂ ಭಯ ಅಮ್ಮಿ, ಅದಕ್ಕೇ ಸ್ವಲ್ಪ ಹೊತ್ತಿಗೊಮ್ಮೆ ಎಬ್ಬಿಸಿ ಹೆಸರು ಕೇಳುತ್ತಿದ್ದೇನೆ.

ಮಾಹಿರಾ